ಸೂಪರ್‌ಚಾರ್ಜರುಗಳ ಪ್ರಭೇದಗಳೂ ಇಂಟರ್‌ಕೂಲರೂ: ಕಿತ್ತೂರು ಸೀಮೆಯ ರಸ್ತೆಯಿಂದ ಒಂದು ಚಾರಿತ್ರಿಕ ವಿವೇಚನೆ

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕೋಟೆ, ಶಾಸನ, ಸಂಸ್ಥಾನಗಳ ಚರಿತ್ರೆಯನ್ನೇ ಬರೆದಿರುವರು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಮಡಿದ ಕಾಳಗ, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ರಾಣಿ ಚೆನ್ನಮ್ಮ, ಸವದತ್ತಿಯ ರಟ್ಟರು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ರಾಮದುರ್ಗ ಸಂಸ್ಥಾನ ಇವು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿಗಳು. ಅದೇ ಊರುಗಳ ಕಮ್ಮಾರಸಾಲೆಯಲ್ಲಿ ತಿದಿಯನ್ನೊತ್ತಿದ ಕೈಗಳ ಚರಿತ್ರೆಗಾಗಲಿ, ಆ ತಿದಿಯ ತತ್ತ್ವವೇ ಮುಂದೆ ಎಂಜಿನಿನೊಳಕ್ಕೆ ಹೊಕ್ಕ ವಿಧಾನಕ್ಕಾಗಲಿ ನಮ್ಮ ಗ್ರಂಥಗಳಲ್ಲಿ ಸ್ಥಳ ದೊರೆತಿಲ್ಲ. ಈ ಊರುಗಳು ಬೆಳೆದುದು ರೈಲಿನಿಂದಲ್ಲ, ರಸ್ತೆಯಿಂದ. ಹತ್ತಿ, ಕಬ್ಬು, ಗೋವಿನಜೋಳ ಎಲ್ಲವೂ ಸಂತೆಗೆ ಹೋಗುವುದು ಚಕ್ರದ ಮೇಲೆಯೇ. ಪುಣೆ-ಬೆಂಗಳೂರು ಹೆದ್ದಾರಿಯು ಕಿತ್ತೂರಿನ ಮಗ್ಗುಲಲ್ಲಿಯೇ ಹಾದುಹೋಗುತ್ತದೆ. ಆದುದರಿಂದ ವಾಹನವು ಗಾಳಿಯನ್ನು ಹೇಗೆ ಉಸಿರಾಡುತ್ತದೆ ಎಂಬ ಪ್ರಶ್ನೆಯು ಇಲ್ಲಿಯ ಜನಜೀವನಕ್ಕೆ ದೂರದ್ದಲ್ಲ.

ಎಂಜಿನಿನ ಶಕ್ತಿಯು ಅದು ಉರಿಸಬಲ್ಲ ಇಂಧನವನ್ನು ಅವಲಂಬಿಸಿದೆ. ಇಂಧನವು ಅದಕ್ಕೆ ದೊರೆಯುವ ಗಾಳಿಯ ತೂಕವನ್ನು ಅವಲಂಬಿಸಿದೆ. ಗಾಳಿಯ ಗಾತ್ರವನ್ನಲ್ಲ, ತೂಕವನ್ನು ಎಂಬುದನ್ನು ಓದುಗರು ಗಮನದಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿಯು 1.225 ಕಿಲೋಗ್ರಾಂ ತೂಗುತ್ತದೆ. ಸುಮಾರು 650 ಮೀಟರು ಎತ್ತರದ ನಮ್ಮ ಬಯಲುಸೀಮೆಯಲ್ಲಿ, ಚೈತ್ರ-ವೈಶಾಖಗಳ 38 ಡಿಗ್ರಿ ಬಿಸಿಲಿನಲ್ಲಿ ಅದೇ ಘನಮೀಟರು 1.05 ಕಿಲೋಗ್ರಾಂಗಿಂತ ಹೆಚ್ಚು ತೂಗದು. ಎಂದರೆ ಪರದೇಶದ ಕಾರ್ಖಾನೆಯಲ್ಲಿ ಅಳೆದ ನೂರು ಅಶ್ವಶಕ್ತಿಯು ಸವದತ್ತಿಯ ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಎಂಬತ್ತಾರರ ಆಸುಪಾಸಿಗೆ ಇಳಿದಿರುತ್ತದೆ. ಈ ಕೊರತೆಯನ್ನು ತುಂಬಲು, ಅಥವಾ ಕೊರತೆಯಿಲ್ಲದಲ್ಲಿಯೂ ಹೆಚ್ಚಿನ ಶಕ್ತಿಯನ್ನು ಪಡೆಯಲು, ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಸಾಧನವೇ ಸೂಪರ್‌ಚಾರ್ಜರು.

ಈ ಸಾಧನದ ಮೂಲವು ಮೋಟಾರು ಗಾಡಿಗಿಂತ ಹಳೆಯದು. ಅಮೆರಿಕದ ಇಂಡಿಯಾನಾ ಪ್ರಾಂತದ ಕಾನರ್ಸ್‌ವಿಲ್ಲಿನಲ್ಲಿ ಉಣ್ಣೆಯ ಗಿರಣಿಯನ್ನು ನಡೆಸುತ್ತಿದ್ದ ರೂಟ್ಸ್ ಸಹೋದರರು ನೀರಿನ ಚಕ್ರವನ್ನು ಸುಧಾರಿಸಹೋಗಿ, ಒಂದಕ್ಕೊಂದು ಹೊಂದಿಕೊಂಡು ತಿರುಗುವ ಎರಡು ಉಬ್ಬುಗಳ ಯಂತ್ರವೊಂದನ್ನು ಕಂಡುಹಿಡಿದರು. ನೀರಿಗೆ ಅದು ಹೊಂದಲಿಲ್ಲ. ಗಾಳಿಗೆ ಚೆನ್ನಾಗಿ ಹೊಂದಿತು. 1860ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಕಬ್ಬಿಣ ಕರಗಿಸುವ ಕುಲುಮೆಗಳಿಗೂ ಗಣಿಗಳಿಗೂ ಗಾಳಿಯನ್ನು ಊದಲು ಅದು ಬಳಕೆಗೆ ಬಂದಿತು. ನಮ್ಮ ಕಮ್ಮಾರನ ತಿದಿಯು ಮಾಡುವ ಕೆಲಸವನ್ನೇ ಅದು ನಿಲುಗಡೆಯಿಲ್ಲದೆ ಮಾಡಿತೆಂದರೆ ತಪ್ಪಾಗದು. ಡೈಮ್ಲರನು 1885ರಲ್ಲಿ ಗಾಳಿಯನ್ನು ಒತ್ತಿ ತುಂಬುವ ವಿಚಾರವನ್ನು ಎಂಜಿನಿಗೆ ಅನ್ವಯಿಸಿದನು. 1902ರಲ್ಲಿ ಲೂಯಿ ರೆನೋ ಕೇಂದ್ರಾಪಗಾಮಿ ಬೀಸಣಿಗೆಗೆ ಪೇಟೆಂಟು ಪಡೆದನು. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿಯು ಎಂಜಿನು ಹೊರಚೆಲ್ಲುವ ಬಿಸಿಹೊಗೆಯಿಂದಲೇ ಆ ಬೀಸಣಿಗೆಯನ್ನು ತಿರುಗಿಸುವ ವಿಧಾನಕ್ಕೆ ಪೇಟೆಂಟು ಪಡೆದನು. ಸ್ವೀಡನ್ನಿನ ಆಲ್ಫ್ ಲೈಶೋಮನ ಜೋಡು ತಿರುಪಿನ ಯಂತ್ರವು 1930ರ ದಶಕದಲ್ಲಿ ಇವುಗಳ ಸಾಲಿಗೆ ಸೇರಿತು.

ಇಲ್ಲಿ ಒಂದು ರೂಢಿಯ ತಪ್ಪನ್ನು ತಿದ್ದಬೇಕಾಗಿದೆ. ಇಂದಿನ ವಿದ್ಯಾರ್ಥಿಗಳು 'ಸೂಪರ್‌ಚಾರ್ಜರ್' ಎಂಬುದನ್ನೂ 'ಟರ್ಬೊ' ಎಂಬುದನ್ನೂ ಪರಸ್ಪರ ವಿರೋಧಿಗಳೆಂಬಂತೆ ಬಳಸುತ್ತಾರೆ. ಚರಿತ್ರೆಯಲ್ಲಿ ಹಾಗಿಲ್ಲ. ಪೂರ್ಣ ಹೆಸರು 'ಟರ್ಬೊ-ಸೂಪರ್‌ಚಾರ್ಜರ್' ಎಂದೇ ಇದ್ದಿತು. ಮಾತಿನ ಸೌಕರ್ಯಕ್ಕಾಗಿ ಅದು ಮೊಟಕಾಯಿತು. ನಮ್ಮ ರೈಲ್ವೆಯ ಡೀಸೆಲ್ ಶೆಡ್ಡುಗಳಲ್ಲಿ ಈಗಲೂ ಅದು ಟಿ.ಎಸ್.ಸಿ. ಎಂದೇ ಕರೆಯಿಸಿಕೊಳ್ಳುತ್ತದೆ. ಆದ್ದರಿಂದ ಟರ್ಬೊ ಎಂಬುದು ಸೂಪರ್‌ಚಾರ್ಜರಿನ ಒಂದು ಪ್ರಭೇದ. ಭೇದವಿರುವುದು ಎರಡು ವಿಷಯಗಳಲ್ಲಿ: ಗಾಳಿಯನ್ನು ಒತ್ತುವ ಬಗೆ ಯಾವುದು, ಒತ್ತುವ ಶಕ್ತಿಯು ಎಲ್ಲಿಂದ ಬರುತ್ತದೆ. ಈ ಎರಡನ್ನೂ ಬೆರೆಸಿದುದರಿಂದಲೇ ಹಲವು ಪಠ್ಯಗಳಲ್ಲಿ ಹೋಲಿಕೆಯು ಗೊಂದಲಕ್ಕೆ ಈಡಾಗಿದೆ.

ರೂಟ್ಸ್ ಯಂತ್ರವು ತನ್ನೊಳಗೆ ಗಾಳಿಯನ್ನು ಒತ್ತುವುದೇ ಇಲ್ಲ. ಉಬ್ಬುಗಳ ನಡುವೆ ಹಿಡಿದ ಗಾಳಿಯನ್ನು ಈ ಬದಿಯಿಂದ ಆ ಬದಿಗೆ ಸಾಗಿಸುತ್ತದೆ, ಅಷ್ಟೆ. ಮುಂದಿರುವ ನಳಿಕೆಯಲ್ಲಿ ಗಾಳಿ ಕಿಕ್ಕಿರಿದಾಗ ಒತ್ತಡ ಹುಟ್ಟುತ್ತದೆ, ನಳಿಕೆಯ ಗಾಳಿಯು ಹಿಂದಕ್ಕೆ ನುಗ್ಗಿ ವ್ಯರ್ಥವಾಗಿ ಬಿಸಿಯಾಗುತ್ತದೆ. ಆದರೆ ಎಂಜಿನು ನಿಧಾನವಾಗಿ ತಿರುಗುವಾಗಲೂ ಪ್ರತಿ ಸುತ್ತಿಗೆ ಅಷ್ಟೇ ಗಾಳಿ ಬರುತ್ತದೆಂಬುದು ಅದರ ಗುಣ. ತಿರುಪಿನ ಯಂತ್ರವು ಗಾಳಿಯನ್ನು ತನ್ನೊಳಗೇ ಹಿಂಡುತ್ತ ಹೋಗುವುದರಿಂದ ವ್ಯರ್ಥ ಕಡಿಮೆ. ಅದರ ಹಲ್ಲುಗಳನ್ನು ಕಡೆಯುವ ನಿಖರತೆಗೆ ಮಾತ್ರ ಬೆಲೆ ತೆರಬೇಕು. ಕೇಂದ್ರಾಪಗಾಮಿ ಯಂತ್ರದಲ್ಲಿ ಒತ್ತಡವು ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಅರ್ಧ ವೇಗದಲ್ಲಿ ಕಾಲುಭಾಗದಷ್ಟು ಒತ್ತಡ ಮಾತ್ರ. ಪೂರ್ಣ ವೇಗದಲ್ಲಿ ಮಾತ್ರ ಅದರ ಪರಾಕ್ರಮ. ಇದನ್ನು ಕ್ರ್ಯಾಂಕ್‌ಶಾಫ್ಟಿನಿಂದ ಗಿಯರು ಅಥವಾ ಬೆಲ್ಟಿನ ಮೂಲಕ ತಿರುಗಿಸಬಹುದು, ಹೊಗೆಯ ಟರ್ಬೈನಿನಿಂದಲೂ ತಿರುಗಿಸಬಹುದು. ಮೊದಲನೆಯದು ಎಂಜಿನಿನ ಶಕ್ತಿಯನ್ನೇ ಕದಿಯುತ್ತದೆ. ಎರಡನೆಯದು ಬಹುಮಟ್ಟಿಗೆ ಪೋಲಾಗುವ ಶಕ್ತಿಯನ್ನು ಬಳಸುತ್ತದೆ, ಆದರೆ ವೇಗವರ್ಧಕವನ್ನು ತುಳಿದ ಮೇಲೆ ಹೊಗೆಯು ಹೆಚ್ಚಿ ಚಕ್ರವು ವೇಗ ಹಿಡಿಯುವವರೆಗೆ ಕಾಯಿಸುತ್ತದೆ.

ವೇಗದ ಕಾರುಗಳಲ್ಲಿ ಇವು ಕಾಣಿಸಿಕೊಂಡ ಕ್ರಮವನ್ನು ಸಂಕ್ಷೇಪವಾಗಿ ನೋಡಬಹುದು. 1921ರ ಬರ್ಲಿನ್ ಪ್ರದರ್ಶನದಲ್ಲಿ ಮರ್ಸಿಡಿಸ್ ಕಂಪನಿಯು ರೂಟ್ಸ್ ಯಂತ್ರವುಳ್ಳ ಕಾರುಗಳನ್ನು ಮಾರಾಟಕ್ಕೆ ತೋರಿಸಿತು. 1923ರಲ್ಲಿ ಫಿಯಟ್ ಕಂಪನಿಯು ಫ್ರಾನ್ಸಿನ ತೂರ್ ಪಟ್ಟಣದ ಗ್ರಾಂ ಪ್ರಿ ಸ್ಪರ್ಧೆಗೆ ಅಲಗುಗಳುಳ್ಳ ಇನ್ನೊಂದು ಬಗೆಯ ಕಂಪ್ರೆಸರನ್ನು ಕಟ್ಟಿಕೊಂಡು ಹೋಯಿತು. ಮುಂದೆ ಸಾಗುತ್ತಿದ್ದ ಅದರ ಗಾಡಿಗಳು ರಸ್ತೆಯ ಧೂಳನ್ನೂ ಹರಳನ್ನೂ ಒಳಕ್ಕೆ ಎಳೆದುಕೊಂಡು ಕೆಟ್ಟು ನಿಂತವು. ಅದೇ ವರ್ಷ ಮೊಂಝಾದಲ್ಲಿ ರೂಟ್ಸ್ ಯಂತ್ರದೊಡನೆ ಬಂದು ಗೆದ್ದವು. ಧೂಳಿನ ಈ ಪ್ರಸಂಗವನ್ನು ನಮ್ಮ ಸೀಮೆಯವರು ಮರೆಯಲಾಗದು. ಇದರ ಮಾತು ಮುಂದೆ ಬರುತ್ತದೆ.

ಬೆಂಟ್ಲಿಯ ಪ್ರಸಂಗವು ಇನ್ನೂ ಸ್ವಾರಸ್ಯದ್ದು. ನಾಲ್ಕೂವರೆ ಲೀಟರಿನ ಬೆಂಟ್ಲಿ ಕಾರಿಗೆ ರೂಟ್ಸ್ ಮಾದರಿಯ ಸೂಪರ್‌ಚಾರ್ಜರನ್ನು ಜೋಡಿಸಬೇಕೆಂದು ಸ್ಪರ್ಧಾಳು ಬರ್ಕಿನ್ ಹಟಹಿಡಿದನು. ಆಮ್‌ಹರ್ಸ್ಟ್ ವಿಲಿಯರ್ಸ್ ಅದನ್ನು ರಚಿಸಿದನು. ಕಂಪನಿಯ ಸ್ಥಾಪಕ ಡಬ್ಲ್ಯು. ಓ. ಬೆಂಟ್ಲಿಯು ಇದನ್ನು ಒಪ್ಪಲಿಲ್ಲ. ಶಕ್ತಿ ಬೇಕಾದರೆ ಎಂಜಿನಿನ ಗಾತ್ರವನ್ನು ಹಿಗ್ಗಿಸಬೇಕೆಂಬುದು ಅವನ ಮತ. 110 ಅಶ್ವಶಕ್ತಿಯ ಎಂಜಿನು ಸಾಮಾನ್ಯ ರೂಪದಲ್ಲಿ 175ಕ್ಕೂ ಸ್ಪರ್ಧೆಯ ರೂಪದಲ್ಲಿ 240ಕ್ಕೂ ಏರಿದುದು ನಿಜ. ಆದರೆ 1930ರ ಲೆ ಮಾನ್ ಸ್ಪರ್ಧೆಯಲ್ಲಿ ಬರ್ಕಿನ್ನನ ಕಾರೂ, ಅದು ಬೆನ್ನಟ್ಟಿದ ಸೂಪರ್‌ಚಾರ್ಜರುಳ್ಳ ಮರ್ಸಿಡಿಸ್ಸೂ ಎರಡೂ ಕೆಟ್ಟು ನಿಂತವು. ಗೆದ್ದುದು ಸೂಪರ್‌ಚಾರ್ಜರಿಲ್ಲದ ದೊಡ್ಡ ಬೆಂಟ್ಲಿ. ಈ ಸೋಲನ್ನು ಸೂಪರ್‌ಚಾರ್ಜರಿನ ಸೋಲೆಂದು ಬರೆದವರುಂಟು. ನಮಗೆ ಹಾಗೆ ತೋರುವುದಿಲ್ಲ. ಬಿಸಿಗಾಳಿಯನ್ನು ತಣಿಸದೆ ಹಾಗೆಯೇ ಎಂಜಿನಿಗೆ ತುಂಬಿ, ಆ ತಾಪವನ್ನು ಎಂಜಿನು ತಾನೇ ಸಹಿಸಿಕೊಳ್ಳಲೆಂದು ಬಿಟ್ಟುದು ಆ ಕಾಲದ ಕಾರುಗಳ ಸಾಮಾನ್ಯ ನ್ಯೂನತೆ. ಅಂದಿನ ಸ್ಪರ್ಧೆಯ ಕಾರುಗಳು ತಾಪವನ್ನು ಇಳಿಸುತ್ತಿದ್ದುದು ಮುಖ್ಯವಾಗಿ ಇಂಧನದಿಂದಲೇ. ಮೆಥನಾಲು ಆವಿಯಾಗುವಾಗ ಗಾಳಿಯ ತಾಪವನ್ನು ಹೀರುತ್ತದೆ. 1951ರಲ್ಲಿ ಎರಡು ಹಂತದ ರೂಟ್ಸ್ ಯಂತ್ರಗಳನ್ನು ಹೊತ್ತ ಒಂದೂವರೆ ಲೀಟರಿನ ಆಲ್ಫಾ ರೋಮಿಯೊ 159 ನಾನೂರಕ್ಕೂ ಮಿಕ್ಕಿದ ಅಶ್ವಶಕ್ತಿಯನ್ನು ಪಡೆದು, ಒಂದು ಲೀಟರು ಇಂಧನದಲ್ಲಿ ಒಂದು ಕಿಲೋಮೀಟರನ್ನೂ ಪೂರ್ತಿ ಸಾಗದ ಸ್ಥಿತಿಗೆ ಬಂದಿದ್ದಿತು. ಅದು ಕುಡಿದುದರಲ್ಲಿ ಒಂದು ಪಾಲು ಉರಿಯಲು, ಇನ್ನೊಂದು ಪಾಲು ತಣಿಸಲು.

ತಾಪದ ವಿಷಯವನ್ನು ಅಂಕಿಗಳಿಂದ ಸ್ಪಷ್ಟಪಡಿಸುವುದು ಯುಕ್ತ. ನಮ್ಮ 38 ಡಿಗ್ರಿಯ ಗಾಳಿಯನ್ನು 1.7 ಪಟ್ಟು ಒತ್ತಡಕ್ಕೆ ಏರಿಸುವೆವೆಂದು ಭಾವಿಸೋಣ. ಯಾವ ವ್ಯರ್ಥವೂ ಇಲ್ಲದ ಆದರ್ಶ ಯಂತ್ರದಲ್ಲಿಯೂ ಅದು ಸುಮಾರು 51 ಡಿಗ್ರಿ ಬಿಸಿಯಾಗುತ್ತದೆ. ಶೇಕಡಾ 55 ದಕ್ಷತೆಯ ರೂಟ್ಸ್ ಯಂತ್ರದಲ್ಲಿ 93 ಡಿಗ್ರಿ ಏರಿ 131ನ್ನು ಮುಟ್ಟುತ್ತದೆ. ಶೇಕಡಾ 72 ದಕ್ಷತೆಯ ಕೇಂದ್ರಾಪಗಾಮಿ ಯಂತ್ರದಲ್ಲಿ 109ಕ್ಕೆ ನಿಲ್ಲುತ್ತದೆ. ಒತ್ತಡವು 1.7 ಪಟ್ಟಾದರೂ ಗಾಳಿಯ ಸಾಂದ್ರತೆ ಮೊದಲನೆಯದರಲ್ಲಿ 1.31 ಪಟ್ಟು, ಎರಡನೆಯದರಲ್ಲಿ 1.38 ಪಟ್ಟು ಮಾತ್ರ. ಒತ್ತಡದ ಮಾಪಕವನ್ನು ನೋಡಿ ಹಿಗ್ಗುವ ಯುವಕರು ಈ ವ್ಯತ್ಯಾಸವನ್ನು ಮನಗಾಣಬೇಕು: ಮಾಪಕವು ತೋರಿಸುವುದು ಒತ್ತಡವನ್ನು, ಎಂಜಿನು ಉಣ್ಣುವುದು ಸಾಂದ್ರತೆಯನ್ನು.

ಈಗ ನಡುವೆ ಇಂಟರ್‌ಕೂಲರನ್ನು ಇಡೋಣ. ಏರಿದ ತಾಪದಲ್ಲಿ ನೂರಕ್ಕೆ ಎಪ್ಪತ್ತು ಪಾಲನ್ನು ಅದು ಹೊರಹಾಕಿ, ತನ್ನ ಸಣ್ಣ ನಳಿಕೆಗಳ ತಡೆಯಿಂದ ಒತ್ತಡವನ್ನು 1.7ರಿಂದ 1.65ಕ್ಕೆ ಇಳಿಸುತ್ತದೆಂದು ಲೆಕ್ಕ ಹಿಡಿದರೆ, ರೂಟ್ಸ್ ಯಂತ್ರದ ಗಾಳಿಯು ಸುಮಾರು 66 ಡಿಗ್ರಿಗೆ ಇಳಿದು ಸಾಂದ್ರತೆ 1.51 ಪಟ್ಟಾಗುತ್ತದೆ, ಕೇಂದ್ರಾಪಗಾಮಿಯದು 1.54 ಪಟ್ಟಾಗುತ್ತದೆ. ಇಲ್ಲಿ ಎರಡು ಸಂಗತಿಗಳು ಹೊರಡುತ್ತವೆ. ಒಂದು, ಇಂಟರ್‌ಕೂಲರಿನಿಂದ ಬಂದ ಲಾಭವು ಯಂತ್ರದ ಪ್ರಭೇದವನ್ನು ಬದಲಿಸುವುದರಿಂದ ಬರುವ ಲಾಭಕ್ಕಿಂತ ದೊಡ್ಡದು. ಇನ್ನೊಂದು, ಅದು ಕೆಳದರ್ಜೆಯ ಯಂತ್ರದ ದೋಷವನ್ನು ಬಹುಮಟ್ಟಿಗೆ ಮುಚ್ಚಿಬಿಡುತ್ತದೆ. ಪೂರ್ತಿ ಮುಚ್ಚುವುದಿಲ್ಲ: ನಿಮಿಷಕ್ಕೆ 10 ಕಿಲೋಗ್ರಾಂ ಗಾಳಿಯನ್ನು ಒತ್ತಲು ರೂಟ್ಸ್ ಯಂತ್ರವು ಸುಮಾರು 21 ಅಶ್ವಶಕ್ತಿಯನ್ನು ಬೇಡಿದರೆ, ಇನ್ನೊಂದಕ್ಕೆ 16 ಸಾಕು. ತಣಿಸುವುದರಿಂದ ಈ ಸಾಲ ತೀರದು. ಆದರೂ ಇಂಟರ್‌ಕೂಲರನ್ನು ಒಂದು ಬಿಡಿಭಾಗವೆಂದು ಕಡೆಯ ಪುಟದಲ್ಲಿ ಹೇಳಿ ಮುಗಿಸುವ ಪಠ್ಯಕ್ರಮವನ್ನು ನಾವು ಒಪ್ಪಲಾರೆವು. ಪೆಟ್ರೋಲು ಎಂಜಿನಿನಲ್ಲಿ ಗಾಳಿಯ ತಾಪವು ಆಸ್ಫೋಟನಕ್ಕೆ, ಎಂದರೆ ಮಿಸ್ತ್ರಿಗಳು ನಾಕಿಂಗ್ ಎನ್ನುವ ಬಡಿತಕ್ಕೆ, ನೇರ ಕಾರಣವಾಗುವುದರಿಂದ ಅದು ಎಂಜಿನಿನ ಆಯುಷ್ಯದ ಪ್ರಶ್ನೆಯೂ ಹೌದು.

ಇಂಟರ್‌ಕೂಲರು ಕಾರಿಗೆ ಬರುವುದಕ್ಕೆ ಬಹಳ ಮೊದಲು ವಿಮಾನಕ್ಕೆ ಬಂದಿದ್ದಿತು, ಮತ್ತು ಆ ಅವಸ್ಥೆಯಲ್ಲಿಯೇ ಕನ್ನಡನಾಡನ್ನು ಮುಟ್ಟಿತು. ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧದ ಒತ್ತಡದಲ್ಲಿ 1943ರ ಹೊತ್ತಿಗೆ ಅಮೆರಿಕದ ಸೇನಾ ವಿಮಾನದಳದ ಆಡಳಿತಕ್ಕೆ ಬಂದು, ವಿಮಾನಗಳನ್ನೂ ಅವುಗಳ ಎಂಜಿನುಗಳನ್ನೂ ಬಿಚ್ಚಿ ಸರಿಪಡಿಸುವ ಬೃಹತ್ ಕೇಂದ್ರವಾಯಿತು. ಕ್ಯಾಟಲೀನಾ ಎಂಬ ನೀರುವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿದು ಅಲ್ಲಿಗೆ ಬರುತ್ತಿದ್ದುವು.

ನಮ್ಮ ವಿಷಯಕ್ಕೆ ಇಲ್ಲಿ ಅಪೂರ್ವವಾದ ಸಾಮಗ್ರಿಯಿದೆ. ಡಕೋಟಾ ಸಾಗಣೆ ವಿಮಾನವೂ ಲಿಬರೇಟರ್ ಬಾಂಬರೂ ಪ್ರ್ಯಾಟ್ ಅಂಡ್ ವಿಟ್ನಿಯ ಒಂದೇ ಮನೆತನದ ಎಂಜಿನನ್ನು ಹೊತ್ತಿದ್ದುವು. ಅದು ಹದಿನಾಲ್ಕು ಸಿಲಿಂಡರುಗಳ, 30 ಲೀಟರಿನ, ಸುಮಾರು 1,200 ಅಶ್ವಶಕ್ತಿಯ ಆರ್-1830. ಡಕೋಟಾದಲ್ಲಿ ಗಿಯರಿನಿಂದ ತಿರುಗುವ ಒಂದು ಕೇಂದ್ರಾಪಗಾಮಿ ಸೂಪರ್‌ಚಾರ್ಜರು ಮಾತ್ರ ಇದ್ದಿತು. ಲಿಬರೇಟರಿನಲ್ಲಿ ಅದರ ಜೊತೆಗೆ ಪ್ರತಿ ಎಂಜಿನಿಗೂ ನಿಮಿಷಕ್ಕೆ 20,000 ಸುತ್ತುಗಳನ್ನು ಮೀರಿ ತಿರುಗುವ ಒಂದೊಂದು ಜನರಲ್ ಎಲೆಕ್ಟ್ರಿಕ್ ಟರ್ಬೊ ಇದ್ದು, ಟರ್ಬೊದಿಂದ ಹೊರಟ ಗಾಳಿಯು ಇಂಟರ್‌ಕೂಲರಿನಲ್ಲಿ ತಣಿದು, ಕಾರ್ಬುರೇಟರನ್ನು ಹಾದು, ಗಿಯರಿನ ಸೂಪರ್‌ಚಾರ್ಜರನ್ನು ಸೇರುತ್ತಿದ್ದಿತು. ಲಿಬರೇಟರಿನ ಎಂಜಿನುಗೂಡು ದುಂಡಗಿರದೆ ಅಡ್ಡಲಾದ ಅಂಡಾಕಾರದಲ್ಲಿರುವುದಕ್ಕೆ ಇಂಟರ್‌ಕೂಲರಿಗೂ ಎಣ್ಣೆ ತಣಿಸುವ ಸಾಧನಕ್ಕೂ ಇಕ್ಕೆಲಗಳಲ್ಲಿ ಗಾಳಿಯ ದಾರಿ ಮಾಡಬೇಕಾದುದೇ ಕಾರಣ. ಎಂಜಿನಿನ ಮನೆತನ ಒಂದೇ, ಉಸಿರಾಡುವ ಬಗೆ ಎರಡು. ಪ್ರಯೋಗಾಲಯದಲ್ಲಿ ಏರ್ಪಡಿಸಿದರೂ ಇದಕ್ಕಿಂತ ಒಳ್ಳೆಯ ಹೋಲಿಕೆ ದೊರೆಯಲಾರದು.

ಯುದ್ಧವು ಮುಗಿದ ಮೇಲೆ ಕಾನಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು ಹಾರುವಷ್ಟು ಮಟ್ಟಿಗೆ ಸರಿಪಡಿಸಿ, ಬೆಂಗಳೂರಿಗೆ ಹಾರಿಸಿ ತಂದು, ಈ ಕಾರ್ಖಾನೆಯ ಕೆಲಸಗಾರರು ಅವುಗಳಿಗೆ ಮರುಜೀವ ಕೊಟ್ಟರು. 1948ರ ನವೆಂಬರಿನಲ್ಲಿ ಅವುಗಳಿಂದಲೇ ಭಾರತೀಯ ವಿಮಾನದಳದ 5ನೆಯ ಸ್ಕ್ವಾಡ್ರನ್ನು ಕಟ್ಟಲ್ಪಟ್ಟಿತು. 1968ರವರೆಗೆ ಈ ವಿಮಾನಗಳು ಸೇವೆಯಲ್ಲಿದ್ದುವು. ಅವುಗಳಲ್ಲೊಂದು ಇಂದು ಇಂಗ್ಲೆಂಡಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನ ಸ್ವತ್ತು. ವಿಮಾನವನ್ನು ಮ್ಯೂಸಿಯಮ್ಮು ಕಾಪಾಡಿದೆ. ಅದರ ಟರ್ಬೊಗಳನ್ನು ಬಿಚ್ಚಿ ಜೋಡಿಸಿದ ಬೆಂಗಳೂರಿನ ಕೆಲಸಗಾರರ ಅನುಭವವನ್ನು ಕಾಪಾಡುವ ಹೊಣೆಯು ಚರಿತ್ರೆಯ ವಿಭಾಗಗಳದಾಗಿದ್ದಿತು. ಆ ಹೊಣೆಯನ್ನು ನಾವು ಸಕಾಲದಲ್ಲಿ ಹೊರಲಿಲ್ಲ. ರೂಟ್ಸ್, ಬ್ಯೂಖಿ, ಬರ್ಕಿನ್ ಎಂಬ ಹೆಸರುಗಳನ್ನು ನಿರಾಯಾಸವಾಗಿ ಬರೆಯಬಲ್ಲ ನಾವು ಇವರಲ್ಲಿ ಒಬ್ಬ ಕೆಲಸಗಾರನ ಹೆಸರನ್ನೂ ಇಲ್ಲಿ ಬರೆಯಲಾಗದಿರುವುದಕ್ಕೆ ಅದೇ ಕಾರಣ.

ಆಕಾಶದ ತರುವಾಯ ರೈಲು. ವಾರಾಣಸಿಯ ಕಾರ್ಖಾನೆಯಿಂದ 1964ರಿಂದ ಹೊರಬಂದ 2,600 ಅಶ್ವಶಕ್ತಿಯ ಡೀಸೆಲ್ ಎಂಜಿನುಗಳು ಟರ್ಬೊವನ್ನೂ, ಅದರ ಮುಂದೆ ಗಾಳಿಯನ್ನು ತಣಿಸುವ ಆಫ್ಟರ್‌ಕೂಲರನ್ನೂ ಹೊಂದಿದ್ದುವು. ಇದಕ್ಕಿಂತ ವಿಚಾರಾರ್ಹವಾದುದು ಹುಬ್ಬಳ್ಳಿಯ ಡೀಸೆಲ್ ಶೆಡ್ಡಿಗೆ 1999ರ ಸುಮಾರಿಗೆ ಬಂದ ಡಬ್ಲ್ಯುಡಿಜಿ-4 ವರ್ಗದ ಎಂಜಿನು. ಅದು ಎರಡು ಹೊಡೆತದ ಎಂಜಿನು. ಹೊರಗಿನಿಂದ ಗಾಳಿ ಊದದಿದ್ದರೆ ಚಾಲೂ ಆಗಲಾರದು. ಈ ಮನೆತನದ ಹಳೆಯ ಎಂಜಿನುಗಳಲ್ಲಿ ರೂಟ್ಸ್ ಯಂತ್ರವೇ ಊದುತ್ತಿದ್ದಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ತಯಾರಕರು ಒಂದು ಉಪಾಯ ಮಾಡಿದರು: ಟರ್ಬೊದ ಚಕ್ರಕ್ಕೆ ಗಿಯರುಗಳ ಸಾಲೊಂದನ್ನೂ ಒಂದು ಕ್ಲಚ್ಚನ್ನೂ ಜೋಡಿಸಿದರು. ಎಂಜಿನು ನಿಧಾನವಾಗಿರುವಾಗ ಗಿಯರುಗಳೇ ಚಕ್ರವನ್ನು ತಿರುಗಿಸುತ್ತವೆ. ಹೊಗೆಯು ಸಾಕಷ್ಟು ಬಿಸಿಯೇರಿದೊಡನೆ ಟರ್ಬೈನು ಗಿಯರಿಗಿಂತ ಮುಂದೋಡಿ, ಕ್ಲಚ್ಚು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಯಾಂತ್ರಿಕವೋ ಟರ್ಬೊವೋ ಎಂದು ಕಾರಿನ ಅಭಿಮಾನಿಗಳು ಎಷ್ಟೋ ವರ್ಷ ಮಾಡಿದ ಜಗಳವು ಹುಬ್ಬಳ್ಳಿಯ ಈ ಎಂಜಿನಿನ ಹೊಟ್ಟೆಯೊಳಗೆ ರಾಜಿಯಾಗಿದೆ. ಕಾರುಗಳಲ್ಲಿ 1985ರ ಲಾನ್ಸಿಯಾ ಡೆಲ್ಟಾ ಎಸ್-4, 2005ರ ಫೋಕ್ಸ್‌ವಾಗನ್ನಿನ 1.4 ಲೀಟರಿನ ಎಂಜಿನು ಇದೇ ಗುರಿಯನ್ನು ಎರಡು ಬೇರೆ ಬೇರೆ ಯಂತ್ರಗಳನ್ನು ಸೇರಿಸಿ ಸಾಧಿಸಿದುವು.

ಕಾರಿನಲ್ಲಿ ತಣಿಸುವ ವಿದ್ಯೆಯು ಎಷ್ಟು ತಡವಾಗಿ ನೆಲೆಗೊಂಡಿತೆಂಬುದು ಆಶ್ಚರ್ಯಕರ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು ಟರ್ಬೊ ಹೊಂದಿದ್ದರೂ ಇಂಟರ್‌ಕೂಲರನ್ನು ಹೊಂದಿರಲಿಲ್ಲ; ಆಸ್ಫೋಟನವನ್ನು ತಡೆಯಲು ನೀರು-ಮೆಥನಾಲಿನ ಮಿಶ್ರಣವನ್ನು ಚಿಮುಕಿಸುತ್ತಿದ್ದಿತು. ಮಾಲಿಕರು ಆ ತೊಟ್ಟಿಯನ್ನು ತುಂಬಿಸಲು ಮರೆತರು, ವ್ಯವಸ್ಥೆಯೇ ಮೂಲೆಗುಂಪಾಯಿತು. 1974ರಲ್ಲಿ ಹೊರಬಂದ ಪೋರ್ಷೆ 911 ಟರ್ಬೊ ಇಂಟರ್‌ಕೂಲರನ್ನು ಪಡೆದುದು 3.3 ಲೀಟರಿನ ರೂಪದಲ್ಲಿ, 1977ರಲ್ಲಿ. ಲಿಬರೇಟರಿಗೂ ಇದಕ್ಕೂ ಮೂರು ದಶಕಗಳಿಗೂ ಹೆಚ್ಚಿನ ಅಂತರ. ವಿಮಾನಕ್ಕೆ ಎತ್ತರದ ತಣ್ಣಗಾಳಿಯೂ ಸತತವಾದ ವೇಗವೂ ಇದ್ದುವು. ಕಾರು ಸಂತೆಯ ಬೀದಿಯಲ್ಲಿ ನಿಲ್ಲಬೇಕು, ಆಗ ಇಂಟರ್‌ಕೂಲರಿನ ಮೇಲೆ ಗಾಳಿ ಬೀಸುವುದಿಲ್ಲ. ಗಾಳಿಯಿಂದ ಗಾಳಿಯನ್ನು ತಣಿಸುವ ಸಾಧನವು ಹಗುರವೂ ಸರಳವೂ ಹೌದು, ಉದ್ದನೆಯ ಕೊಳವೆಗಳನ್ನು ಮಾತ್ರ ಬೇಡುತ್ತದೆ. ನೀರಿನ ಮೂಲಕ ತಣಿಸುವುದು ಕ್ಷಣಕಾಲದ ಹೆಚ್ಚಿನ ತಾಪವನ್ನು ನೀರಿನಲ್ಲಿ ಅಡಗಿಸಿಕೊಳ್ಳುತ್ತದೆ, ಕೊಳವೆಗಳನ್ನು ಮೊಟಕು ಮಾಡುತ್ತದೆ. ಪ್ರತ್ಯೇಕ ಪಂಪು, ರೇಡಿಯೇಟರುಗಳ ತೊಡಕು ಅದರ ಬೆಲೆ. 2013ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ಪೋಲೊ ಜಿಟಿ ಟಿಎಸ್ಐ ಕಾರು ಎರಡನೆಯ ಮಾರ್ಗವನ್ನು ಹಿಡಿದು ಇಂಟರ್‌ಕೂಲರನ್ನು ಗಾಳಿಯ ನಳಿಕೆಯೊಳಗೇ ಕೂಡಿಸಿದ್ದಿತು.

ನಮ್ಮ ರಸ್ತೆಗೆ ಹಿಂದಿರುಗೋಣ. ಇಲ್ಲಿ ಈ ವಿದ್ಯೆಯ ಹರಡುವಿಕೆಯು ಪಾಶ್ಚಾತ್ಯ ಗ್ರಂಥಗಳ ಕ್ರಮವನ್ನು ಅನುಸರಿಸಲಿಲ್ಲ. ಅಲ್ಲಿ ಸ್ಪರ್ಧೆಯ ಕಾರು ಮೊದಲು. ಇಲ್ಲಿ ವಿಮಾನ, ರೈಲು, ಲಾರಿ, ಆಮೇಲೆ ಕಾರು. ಟಾಟಾ ಲಾರಿಗಳ ಎಂಜಿನಿನ ಹೆಸರಿನೊಡನೆ ಬರುವ ಟಿ.ಸಿ.ಐ.ಸಿ. ಎಂಬ ನಾಲ್ಕು ಅಕ್ಷರಗಳೆಂದರೆ ಟರ್ಬೊಚಾರ್ಜ್ಡ್, ಇಂಟರ್‌ಕೂಲ್ಡ್. ಕಬ್ಬಿನ ಹಂಗಾಮಿನಲ್ಲಿ ಹೊರೆ ಹೊತ್ತ ಗಾಡಿಯು ಕಡಿಮೆ ವೇಗದಲ್ಲಿ ಹೆಚ್ಚು ಎಳೆತವನ್ನು ಬೇಡುತ್ತದೆ. ಅದೇ ಸಮಯಕ್ಕೆ ಇಂಟರ್‌ಕೂಲರಿಗೆ ಎದುರುಗಾಳಿಯು ಕಡಿಮೆ. ಅದರ ಮೇಲೆ ರಸ್ತೆಯ ಧೂಳು, ಒಣಗಿದ ರವದಿಯ ಚೂರು, ಹಾರಾಡುವ ಅರಳೆ ಇವು ಇಂಟರ್‌ಕೂಲರಿನ ತೆಳುರೆಕ್ಕೆಗಳ ನಡುವೆ ಸಿಕ್ಕಿಕೊಂಡರೆ ನೂರಕ್ಕೆ ಎಪ್ಪತ್ತು ಎಂದು ನಾವು ಮೇಲೆ ಹಿಡಿದ ಲೆಕ್ಕವು ನಿಲ್ಲದು. ತೂರಿನಲ್ಲಿ 1923ರಲ್ಲಿ ಫಿಯಟ್ಟನ್ನು ಸೋಲಿಸಿದ ಧೂಳು ಇಲ್ಲಿ ಒಮ್ಮೆಲೇ ಸೋಲಿಸುವುದಿಲ್ಲ, ದಿನಕ್ಕಿಷ್ಟು ಸೋಲಿಸುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಕಾರಿನ ಶಕ್ತಿಯನ್ನು ಹೆಚ್ಚಿಸಬಯಸುವವರು ದೊಡ್ಡ ಟರ್ಬೊವನ್ನು ಹುಡುಕುವುದಕ್ಕೆ ಮೊದಲು ಗಾಳಿಯ ಶೋಧಕವನ್ನೂ ಇಂಟರ್‌ಕೂಲರಿನ ನೆಲೆಯನ್ನೂ ವಿಚಾರಿಸುವುದು ಲೇಸೆಂದು ನಾವು ಭಾವಿಸುತ್ತೇವೆ. ನಿಧಾನದಲ್ಲಿ ಎಳೆತ ಬೇಕಾದವರಿಗೆ ಚಿಕ್ಕ ಟರ್ಬೊ ಅಥವಾ ತಿರುಪಿನ ಯಂತ್ರ, ಹೆದ್ದಾರಿಯ ವೇಗ ಬೇಕಾದವರಿಗೆ ಕೇಂದ್ರಾಪಗಾಮಿ. ರೂಟ್ಸ್ ಯಂತ್ರವನ್ನು ನಮ್ಮ ಬೇಸಿಗೆಗೆ ನಾವು ಶಿಫಾರಸು ಮಾಡಲಾರೆವು.

ತಿರುಪಿನ ಯಂತ್ರವನ್ನು ಕಾರಿನಲ್ಲಿ ಕಂಡವರು ನಮ್ಮಲ್ಲಿ ವಿರಳ. ಆದರೆ ಅದರ ಸದ್ದನ್ನು ಕೇಳದ ಹಳ್ಳಿಯು ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಅಪರೂಪವೇ ಸರಿ. ಮಳೆ ಕೈಕೊಟ್ಟ ವರ್ಷ ಬೋರ್‌ವೆಲ್ ಕೊರೆಯುವ ಲಾರಿಯು ಹೊಲಕ್ಕೆ ಬಂದು ನಿಂತಾಗ, ನೆಲದಾಳದಿಂದ ಕಲ್ಲಿನ ಪುಡಿಯನ್ನು ಮೇಲಕ್ಕೆ ಊದುವ ಕಂಪ್ರೆಸರಿನೊಳಗೆ ತಿರುಗುವುದು ಲೈಶೋಮನ ಆ ಜೋಡು ತಿರುಪುಗಳೇ.